ನಿನ್ನೆಯ ಮಳೆ ಯಾವ ದಿನದ್ದು?

ಕೊಡಗಿನಲ್ಲಿ ಮಳೆಗೂ ಒಂದು ಲೆಕ್ಕದ ಪುಸ್ತಕವಿದೆ. ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಿದೆ ಎಂದು ಕೇಳಿದರೆ ತಡಕಾಡುವ ಬೆಳೆಗಾರರು ಕೂಡ ಮಳೆಯ ಪುಸ್ತಕ ಎಲ್ಲಿ ಎಂದರೆ ನೇರವಾಗಿ ಗೋಡೆಯ ಗೂಡಿಗೆ ಕೈಹಾಕುತ್ತಾರೆ. ತೋಟದ ಬಯಲಿನಲ್ಲಿ ನಿಲ್ಲಿಸಿದ ರೈನ್‌ಗೇಜಿನಿಂದ ದಿನವೂ ಬೆಳಿಗ್ಗೆ ನೀರನ್ನು ಅಳತೆಯ ಗಾಜಿಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟು ಎಂದು ಬರೆದಿಡುವುದು ಅಲ್ಲಿ ತಲೆಮಾರುಗಳಿಂದ ನಡೆದುಬಂದ ಕೆಲಸ. ಒಂದು ಇಂಚಿಗೆ ನೂರು ಸೆಂಟು. ಸಂತೆಯಲ್ಲಿ ಎದುರಾದವರು ‘ಊಟವಾಯಿತೆ?’ ಎನ್ನುವ ಮೊದಲೇ ‘ನಿಮ್ಮಲ್ಲಿ ಎಷ್ಟಾಯಿತು?’ ಎಂದು ಕೇಳುತ್ತಾರೆ. ಎಷ್ಟಾಯಿತು ಎಂದರೆ ಮಳೆ ಎಷ್ಟಾಯಿತು ಎಂದೇ ಅರ್ಥ.

ಇದು ಬರಿಯ ಹವ್ಯಾಸವಲ್ಲ. ಫೆಬ್ರುವರಿ ಮಾರ್ಚಿನ ಹೂಮಳೆ ಸಾಲದಿದ್ದರೆ ರೊಬಸ್ಟಾ ಗಿಡದ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಅರಳಿದ ಮೇಲೆ ಕೆಲವು ವಾರಗಳಲ್ಲಿ ಇನ್ನೊಂದು ಹದ ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ. ವರ್ಷದ ದುಡಿಮೆ ಹತ್ತಿಪ್ಪತ್ತು ಸೆಂಟಿನ ಮೇಲೆ ನಿಂತಿರುವಾಗ ಬರೆದಿಡದೆ ಇರುವುದು ಹೇಗೆ?

ಆದರೆ ಈ ಪುಸ್ತಕಗಳಿಗೆ ಇನ್ನೊಂದು ಬೆಲೆಯೂ ಇದೆ ಎಂಬುದು 2019ರ ನಂತರ ಹಲವರಿಗೆ ಹೊಳೆಯಿತು. ಆ ವರ್ಷದ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ನೆಲ್ಯಹುದಿಕೇರಿಯ ಹೊಳೆದಡದ ಎಷ್ಟೋ ಮನೆಗಳು ಬಿದ್ದವು, ಕೊಚ್ಚಿಹೋದವು. ತಲಕಾವೇರಿಯ ಬೆಟ್ಟದಲ್ಲಿ ಹುಟ್ಟಿ, ಭಾಗಮಂಡಲವನ್ನು ದಾಟಿ, ನಾಪೋಕ್ಲಿನ ಗದ್ದೆಬಯಲುಗಳನ್ನು ಬಳಸಿ ಬರುವ ಹೊಳೆ, ಸಿದ್ದಾಪುರವನ್ನು ಒಂದು ಮಗ್ಗುಲಲ್ಲೂ ನೆಲ್ಯಹುದಿಕೇರಿಯನ್ನು ಇನ್ನೊಂದು ಮಗ್ಗುಲಲ್ಲೂ ಇಟ್ಟುಕೊಂಡು ದುಬಾರೆ, ಕುಶಾಲನಗರದ ಕಡೆಗೆ ಹೋಗುತ್ತದೆ. ಮೇಲೆ ಬೆಟ್ಟದಲ್ಲಿ ಸುರಿದದ್ದು ಕೆಳಗೆ ಅಂಗಳಕ್ಕೆ ಬರುತ್ತದೆ. ಎಲ್ಲಿ, ಯಾವಾಗ, ಎಷ್ಟು ಸುರಿದಾಗ, ಎಷ್ಟು ಹೊತ್ತಿಗೆ ಬರುತ್ತದೆ? ಹೊಳೆದಡದಲ್ಲಿ ಮಲಗುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇಲ್ಲ.

ಉತ್ತರ ಹುಡುಕಲು ಬೇಕಾದ ಅಂಕಿಗಳು ಇಲ್ಲವೆಂದಲ್ಲ. ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿವೆ. ಅವು 15 ನಿಮಿಷಕ್ಕೊಮ್ಮೆ ತಾವಾಗಿಯೇ ಲೆಕ್ಕ ಕಳುಹಿಸುತ್ತವೆ. ಆದರೆ ಆ ಯಂತ್ರಗಳು ಬಂದದ್ದು ಈಚೆಗೆ. ಹಳೆಯ ಮಳೆಯೆಲ್ಲ ತೋಟದ ಪುಸ್ತಕಗಳಲ್ಲಿದೆ. ಎರಡನ್ನೂ ಒಂದು ಮಾಡಿದರೆ ಉದ್ದವಾದ ಒಂದು ಚರಿತ್ರೆ ಸಿಕ್ಕೀತು. ‘ಒಂದು ಮಾಡಿದರೆ’ ಎಂಬ ಈ ಮಾತು ಕೇಳಲು ಎಷ್ಟು ಸುಲಭ, ಮಾಡಲು ಎಷ್ಟು ಕಷ್ಟ ಎಂಬುದೇ ಇಲ್ಲಿನ ಕಥೆ.

ನೆಲ್ಯಹುದಿಕೇರಿಯ ಒಂದು ಮನೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಅಂಥ ಮನೆ ಆ ಸೀಮೆಯಲ್ಲಿ ಎಲ್ಲಿ ಬೇಕಾದರೂ ಇರಬಹುದು. ತಂದೆ ಕಾಫಿ ತೋಟವೊಂದರಲ್ಲಿ ರೈಟರು. ಆಳುಗಳ ಹಾಜರಿ, ಗೊಬ್ಬರದ ದಾಸ್ತಾನು, ಕುಯ್ಲಿನ ತೂಕ ಎಲ್ಲ ಅವರದೇ ಅಕ್ಷರದಲ್ಲಿ. ಬೆಳಿಗ್ಗೆ 8ಕ್ಕೆ ಕೊಡೆ ಹಿಡಿದು ಹೋಗಿ ಮಳೆ ಅಳೆಯುವುದೂ ಅವರದೇ ಕೆಲಸ. 22 ವರ್ಷಗಳ ಪುಸ್ತಕಗಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಟ್ಟದ ಮೇಲೆ ಇವೆ. ಮಗಳು ಬಿಸಿಎ ಕೊನೆಯ ವರ್ಷದಲ್ಲಿದ್ದಾಳೆ. ಅವಳ ಬಾಲ್ಯದ ಗೆಳತಿಯ ಮನೆ 2019ರಲ್ಲಿ ಹೋಯಿತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಎಲ್ಲರೂ ಅಂಗಡಿಯ ಬಿಲ್ಲು, ಗ್ರಂಥಾಲಯದ ಪುಸ್ತಕಪಟ್ಟಿ ಎಂದು ಹಳೆಯ ವಿಷಯಗಳನ್ನೇ ಹಿಡಿದಾಗ ಇವಳು ಮಳೆಯನ್ನು ಹಿಡಿದಳು. ಅಪ್ಪನ ಪುಸ್ತಕ, ಅಕ್ಕಪಕ್ಕದ ಎರಡು ತೋಟಗಳ ಪುಸ್ತಕ, ಸರ್ಕಾರದ ಅಂಕಿ ಎಲ್ಲವನ್ನೂ ಒಂದೇ ಪಟ್ಟಿಗೆ ತರಬೇಕು.

ಮೊದಲ ವಾರ ಅವಳು ಹುರುಪಿನಿಂದ ಕಂಪ್ಯೂಟರಿನ ಲೆಕ್ಕದ ಹಾಳೆಯೊಂದರಲ್ಲಿ ಅಂಕಿಗಳನ್ನು ತುಂಬಿದಳು. ತುಂಬುತ್ತ ಹೋದಂತೆ ತೊಡಕುಗಳು ಒಂದೊಂದಾಗಿ ತಲೆಯೆತ್ತಿದವು.

ಸರ್ಕಾರದ ಲೆಕ್ಕ ಮಿಲಿಮೀಟರಿನಲ್ಲಿ, ತೋಟದ ಲೆಕ್ಕ ಇಂಚಿನಲ್ಲಿ. ಇಂಚಿಗೆ 25.4 ಮಿಲಿಮೀಟರ್ ಎಂದು ಗುಣಿಸಿದರೆ ಆಯಿತು, ಇದೇನು ಮಹಾ ಎನ್ನಬಹುದು. ಆದರೆ ಒಂದು ಪುಸ್ತಕದಲ್ಲಿ ‘1.5’ ಎಂದಿದೆ. ಅದು ಒಂದೂವರೆ ಇಂಚೋ, ಒಂದು ಇಂಚು ಐದು ಸೆಂಟೋ? ಮೊದಲನೆಯದಾದರೆ 38.1 ಮಿಲಿಮೀಟರ್, ಎರಡನೆಯದಾದರೆ 26.67. ಬರೆದವರಿಗೆ ಗೊತ್ತು, ಚುಕ್ಕೆಗೆ ಗೊತ್ತಿಲ್ಲ. ಇನ್ನೊಂದು ಪುಸ್ತಕದಲ್ಲಿ ಕೆಲವು ದಿನಗಳ ಮುಂದೆ ಏನೂ ಇಲ್ಲ. ಮಳೆ ಬಾರದ ದಿನವೋ, ಅಳೆಯದ ದಿನವೋ? ಬಾರದ ಮಳೆ ಸೊನ್ನೆ, ಅಳೆಯದ ಮಳೆ ಸೊನ್ನೆಯಲ್ಲ. ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿದರೆ ಆಷಾಢದ ನಡುವೆ ಬಿರುಬಿಸಿಲು ಬಂದೀತು!

ದಿನಾಂಕಗಳ ಗೋಳು ಬೇರೆ. 9/8 ಎಂದರೆ ಇಲ್ಲಿ ಆಗಸ್ಟ್ 9. ಅಮೆರಿಕದ ರೀತಿಗೆ ಹೊಂದಿಸಿದ ಕಂಪ್ಯೂಟರಿಗೆ ಅದು ಸೆಪ್ಟೆಂಬರ್ 8. ಹೆಸರುಗಳೂ ಹಾಗೆಯೇ. ಊರಿನ ಹೆಸರನ್ನು ಒಬ್ಬರು ನೆಲ್ಯಹುದಿಕೇರಿ ಎಂದು ಬರೆದರೆ ಇನ್ನೊಬ್ಬರು ನೆಲ್ಲಿಹುದಿಕೇರಿ ಎನ್ನುತ್ತಾರೆ. ಹಳೆಯ ಕಾಗದಗಳಲ್ಲಿ ಮಡಿಕೇರಿ ಮರ್ಕೇರವಾಗಿದೆ, ಕುಶಾಲನಗರ ಫ್ರೇಜರ್‌ಪೇಟೆಯಾಗಿದೆ. ಊರಿನವರಿಗೆ ಎಲ್ಲವೂ ಒಂದೇ. ಕಂಪ್ಯೂಟರಿಗೆ ಒಂದಕ್ಷರ ಬದಲಾದರೂ ಅದು ಬೇರೆಯೇ ಊರು.

ಎರಡನೆಯ ವಾರದ ಕೊನೆಗೆ ಹಾಳೆ ತುಂಬಿತ್ತು, ಆದರೆ ಅವಳಿಗೇ ಅದರ ಮೇಲೆ ನಂಬಿಕೆ ಹೊರಟುಹೋಗಿತ್ತು. ಯಾವ ಅಂಕಿಯನ್ನು ಯಾವಾಗ ತಿದ್ದಿದಳು? ಇಂಚನ್ನು ಗುಣಿಸಿದ್ದು ಖಾಲಿ ತುಂಬಿದ ಮೇಲೋ, ಮೊದಲೋ? ಒಂದು ತೋಟಕ್ಕೆ ಎರಡು ಸಲ ಗುಣಿಸಿಬಿಟ್ಟಳೋ? ಹಾಳೆಯಲ್ಲಿ ಉತ್ತರ ಮಾತ್ರ ಇತ್ತು, ಉತ್ತರಕ್ಕೆ ಬಂದ ದಾರಿ ಇರಲಿಲ್ಲ. ಗಣಿತದ ಪರೀಕ್ಷೆಯಲ್ಲಿ ಮೇಷ್ಟ್ರು ‘ಹಂತಗಳನ್ನು ಬರೆಯಿರಿ’ ಎಂದು ಯಾಕೆ ಒತ್ತಿ ಹೇಳುತ್ತಿದ್ದರೆಂದು ಆಗ ಅರ್ಥವಾಯಿತು.

ಹಂತಗಳನ್ನು ಬರೆಯುವುದಷ್ಟೇ ಅಲ್ಲ, ಚಿತ್ರವಾಗಿ ಬಿಡಿಸಿ, ಆ ಚಿತ್ರವನ್ನೇ ನಡೆಸುವ ತಂತ್ರಾಂಶಗಳಿವೆ. ಪರದೆಯ ಮೇಲೆ ಒಂದು ಖಾಲಿ ಬಯಲು. ಪಕ್ಕದಲ್ಲಿ ಬಗೆಬಗೆಯ ಪುಟ್ಟ ಪೆಟ್ಟಿಗೆಗಳು. ಒಂದು ಕಡತವನ್ನು ಓದುವ ಪೆಟ್ಟಿಗೆ, ಒಂದು ಗುಣಿಸುವ ಪೆಟ್ಟಿಗೆ, ಒಂದು ಬೇಡದ್ದನ್ನು ಸೋಸುವ ಪೆಟ್ಟಿಗೆ, ಒಂದು ಕ್ರಮವಾಗಿ ಜೋಡಿಸುವ ಪೆಟ್ಟಿಗೆ, ಎರಡು ಪಟ್ಟಿಗಳನ್ನು ಬೆಸೆಯುವ ಪೆಟ್ಟಿಗೆ. ಬೇಕಾದುದನ್ನು ಎಳೆದು ಬಯಲಲ್ಲಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದರೆ ಅಂಕಿಗಳು ಆ ಬಾಣದ ಗುಂಟ ಹರಿಯುತ್ತವೆ. ಯಾವ ಪೆಟ್ಟಿಗೆಯ ಬಳಿ ಬೇಕಾದರೂ ನಿಂತು, ಇಲ್ಲಿಗೆ ಬಂದಾಗ ಅಂಕಿಗಳು ಹೇಗಿವೆ ಎಂದು ಇಣುಕಿ ನೋಡಬಹುದು.

ಇಂಥವುಗಳಲ್ಲಿ ಹೆಸರಾದ ಒಂದಕ್ಕೆ ಕೆಟಲ್ ಎಂದು ಹೆಸರು. ಬೆಲ್ಜಿಯಂನ ಮ್ಯಾಟ್ ಕ್ಯಾಸ್ಟರ್ಸ್ ಎಂಬುವರು ಬರೆದದ್ದು. 2005ರಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆಯುವಂತಾಯಿತು, 2006ರಲ್ಲಿ ಪೆಂಟಾಹೊ ಎಂಬ ಕಂಪನಿಯ ಆಸರೆಗೆ ಬಂತು. ಅವರಿಗೆ ಅಡುಗೆಮನೆಯ ಮೇಲೆ ಅದೇನು ಪ್ರೀತಿಯೋ, ಚಿತ್ರ ಬಿಡಿಸುವ ಭಾಗಕ್ಕೆ ಚಮಚ ಎಂಬರ್ಥದ ಸ್ಪೂನ್ ಎಂದೂ, ಬಿಡಿಸಿದ್ದನ್ನು ನಡೆಸುವ ಭಾಗಗಳಿಗೆ ಪ್ಯಾನ್, ಕಿಚನ್ ಎಂದೂ ಹೆಸರಿಟ್ಟರು. ಅದೇ ಬುಡದಿಂದ ಕವಲೊಡೆದು ಬೆಳೆದದ್ದು ಅಪಾಚೆ ಹಾಪ್. ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಆರಂಭಗೊಂಡ ನೈಮ್ ಎಂಬುದು ಇನ್ನೊಂದು. ಅದರಲ್ಲಿ ಪ್ರತಿ ಪೆಟ್ಟಿಗೆಯ ಕೆಳಗೂ ರಸ್ತೆಯ ಸಿಗ್ನಲಿನಂತೆ ಮೂರು ದೀಪ. ಕೆಂಪಿದ್ದರೆ ಇನ್ನೂ ಸಿದ್ಧವಾಗಿಲ್ಲ, ಹಳದಿ ಇದ್ದರೆ ಹೊರಡಲು ತಯಾರು, ಹಸಿರಿದ್ದರೆ ಕೆಲಸ ಮುಗಿದಿದೆ. ಅಪಾಚೆ ಹಾಪ್‌ಗೂ ನೈಮ್‌ನ ಮೂಲ ತಂತ್ರಾಂಶಕ್ಕೂ ಹಣ ಕೊಡಬೇಕಾಗಿಲ್ಲ ಎಂಬುದು ತಂದೆತಾಯಿಗಳಿಗೆ ಸಮಾಧಾನದ ಸಂಗತಿ.

ಹಂತಗಳನ್ನು ಹೀಗೆ ಚಿತ್ರವಾಗಿಸುವ ಯೋಚನೆಯೇನೂ ಹೊಸದಲ್ಲ. ಕಾರ್ಖಾನೆಯ ಕೆಲಸ ಯಾವ ಮೆಟ್ಟಿಲಿನಿಂದ ಯಾವ ಮೆಟ್ಟಿಲಿಗೆ ಹೋಗುತ್ತದೆಂದು ಗುರುತುಗಳಿಂದ ಬರೆದು ತೋರಿಸುವ ರೀತಿಯನ್ನು ಫ್ರಾಂಕ್ ಗಿಲ್‌ಬ್ರೆತ್, ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಇಟ್ಟಿದ್ದರು. 1940ರ ದಶಕದಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್ ಕಂಪ್ಯೂಟರಿನ ಲೆಕ್ಕಗಳನ್ನು ಯೋಜಿಸಲು ಇದೇ ಬಗೆಯ ಹರಿವಿನ ಚಿತ್ರಗಳನ್ನು ಬಳಸಿದರು. ಆಗ ಚಿತ್ರವನ್ನು ನೋಡಿ ಮನುಷ್ಯ ಕೆಲಸ ಮಾಡಬೇಕಿತ್ತು. ಈಗ ಚಿತ್ರವೇ ಕೆಲಸ ಮಾಡುತ್ತದೆ. ವ್ಯತ್ಯಾಸ ಅಷ್ಟೆ.

ಮಗಳು ಅಪಾಚೆ ಹಾಪ್ ಹಿಡಿದಳು. ಹಳೆಯ ಹಾಳೆಯನ್ನು ಬದಿಗಿಟ್ಟು, ಪುಸ್ತಕದಲ್ಲಿ ಇದ್ದುದನ್ನು ಇದ್ದ ಹಾಗೆಯೇ, ಚುಕ್ಕೆಯೂ ಖಾಲಿಯೂ ಸೇರಿ, ಹೊಸದಾಗಿ ನಕಲು ಮಾಡಿದಳು. ತಿದ್ದುಪಡಿಗಳೆಲ್ಲ ಪೆಟ್ಟಿಗೆಗಳಲ್ಲೇ ಆಗಬೇಕು, ಮೂಲವನ್ನು ಮುಟ್ಟಕೂಡದು. ಇದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟು.

ಸಂಜೆಯ ಹೊತ್ತು ಪರದೆಯಲ್ಲಿ ಬಣ್ಣದ ಪೆಟ್ಟಿಗೆಗಳನ್ನು ಅತ್ತಿಂದಿತ್ತ ಎಳೆಯುತ್ತಿದ್ದ ಮಗಳನ್ನು ಕಂಡು ತಂದೆಗೆ ಸಂಶಯವೇ ಬಂತು.

‘ಪರೀಕ್ಷೆ ಹತ್ತಿರ ಬಂತು, ಇದೇನು ಆಟ?’

‘ಆಟ ಅಲ್ಲಪ್ಪ, ನಿಮ್ಮ ಮಳೆ. ಇಲ್ಲಿ ಒಳಗೆ ಬರುತ್ತದೆ, ಇಲ್ಲಿ ಇಂಚು ಮಿಲಿಮೀಟರಾಗುತ್ತದೆ, ಇಲ್ಲಿ ಕೆಟ್ಟದ್ದು ಬೇರೆಯಾಗುತ್ತದೆ, ಇಲ್ಲಿ ಪಕ್ಕದ ತೋಟದ ಮಳೆ ಬಂದು ಸೇರುತ್ತದೆ.’

ತಂದೆ ಕನ್ನಡಕ ಹಾಕಿಕೊಂಡು ನೋಡಿದರು. ಕಂಪ್ಯೂಟರಿನ ಭಾಷೆ ಅವರಿಗೆ ಬಾರದು. ಆದರೆ ಈ ಚಿತ್ರ ಅವರಿಗೆ ಹೊಸದಾಗಿ ಕಾಣಲಿಲ್ಲ. ಹಣ್ಣು ಕುಯ್ದು ತರುತ್ತಾರೆ, ಹಸಿರು ಕಾಯಿ ಆರಿಸಿ ಬೇರೆ ಹಾಕುತ್ತಾರೆ, ಪಲ್ಪರಿಗೆ ಹೋಗುತ್ತದೆ, ತೊಳೆಯುತ್ತಾರೆ, ಕಣದಲ್ಲಿ ಒಣಗಿಸುತ್ತಾರೆ, ಆಮೇಲೆ ಕ್ಯೂರಿಂಗ್ ವರ್ಕ್ಸಿನಲ್ಲಿ ಜರಡಿ ಹಿಡಿದು ದಪ್ಪ ಬೀಜ, ಸಣ್ಣ ಬೀಜ, ಪೀಬೆರಿ ಎಂದು ವಿಂಗಡಿಸುತ್ತಾರೆ. ಒಣಗಿಸಿದ ಮೇಲೆ ಪಲ್ಪರಿಗೆ ಹಾಕಲು ಬರುತ್ತದೆಯೆ? ಜರಡಿ ಹಿಡಿದ ಮೇಲೆ ಹಸಿರು ಕಾಯಿ ಆರಿಸಿ ಏನು ಪ್ರಯೋಜನ? ಯಾವುದರ ನಂತರ ಯಾವುದು ಎಂಬುದರಲ್ಲೇ ಸರಕಿನ ಗುಣ ಇದೆ. ‘ಹಾಗಾದರೆ ಇದು ಲೆಕ್ಕದ ಪಲ್ಪಿಂಗು ಅನ್ನು’ ಎಂದರು ತಂದೆ. ಅದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು.

ಕ್ರಮದ ಮಹತ್ವ ಮಗಳಿಗೂ ಬೇಗನೆ ಮನದಟ್ಟಾಯಿತು. ಎರಡು ಪಟ್ಟಿಗಳನ್ನು ಬೆಸೆಯಲು ಅವಳು ಆರಿಸಿದ ಪೆಟ್ಟಿಗೆ, ಎರಡೂ ಪಟ್ಟಿಗಳು ದಿನಾಂಕದ ಕ್ರಮದಲ್ಲಿ ಬಂದಿರಬೇಕೆಂದು ಬಯಸುತ್ತದೆ. ಕ್ರಮ ತಪ್ಪಿ ಬಂದರೆ ತಪ್ಪಾಗಿಯೇ ಬೆಸೆಯುತ್ತದೆ. ಅವಳ ಒಂದು ಪಟ್ಟಿಯಲ್ಲಿ ದಿನಾಂಕಗಳು ಅಂಕಿಗಳಾಗಿರದೆ ಬರಿಯ ಅಕ್ಷರಗಳಾಗಿ ಕುಳಿತಿದ್ದವು. ಅಕ್ಷರದ ಕ್ರಮದಲ್ಲಿ 1ರ ನಂತರ 10 ಬರುತ್ತದೆ, 2 ಎಷ್ಟೋ ಆಮೇಲೆ ಬರುತ್ತದೆ. ಅರ್ಧದಷ್ಟು ದಿನಗಳು ಜೋಡಿಯಿಲ್ಲದೆ ಉಳಿದವು. ಚಿತ್ರದಲ್ಲಿ ಬೆಸುಗೆಯ ಪೆಟ್ಟಿಗೆಯ ಬಳಿ ಇಣುಕಿ, ಹಿಂದಿನದರ ಬಳಿ ಇಣುಕಿ, ಅದರ ಹಿಂದಿನದಕ್ಕೆ ಹೋಗಿ ನೋಡಿದಾಗ ರೋಗ ಸಿಕ್ಕಿತು. ದಿನಾಂಕವನ್ನು ದಿನಾಂಕವೆಂದು ಗುರುತಿಸುವ ಪೆಟ್ಟಿಗೆಯನ್ನು ಮೊದಲಿಗೇ ಇಟ್ಟಳು. ಹಳೆಯ ಹಾಳೆಯಲ್ಲಾಗಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಎಲ್ಲ ಪೆಟ್ಟಿಗೆಗಳಿಗೂ ಹಸಿರು ಗುರುತು ಬಿತ್ತು. ಆಗ ಎದುರಾಯಿತು ನಿಜವಾದ ಸಂಕಟ.

ಪಕ್ಕದ ಎರಡು ತೋಟಗಳ ಮಳೆ ಸರ್ಕಾರದ ಮಳೆಯೊಂದಿಗೆ ಹೆಚ್ಚುಕಡಿಮೆ ಹೊಂದುತ್ತಿತ್ತು. ಅಪ್ಪನ ಪುಸ್ತಕ ಮಾತ್ರ ಹೊಂದುತ್ತಿರಲಿಲ್ಲ. ಭಾರಿ ಮಳೆಯ ದಿನ ಅದರಲ್ಲಿ ಸಾಧಾರಣ ಮಳೆ, ಸಾಧಾರಣ ದಿನ ಭಾರಿ ಮಳೆ. ಜೊತೆಗೆ ಓದುವವರು ಸಲಹೆ ಕೊಟ್ಟರು: ‘ಹೊಂದದ ಪುಸ್ತಕ ಬಿಟ್ಟುಬಿಡು. ಒಂದು ಬಾಣ ಅಳಿಸಿದರೆ ಮುಗಿಯಿತು.’ ಹೌದು, ಒಂದು ಬಾಣ ಅಳಿಸಿದರೆ ಮುಗಿಯುತ್ತಿತ್ತು. 22 ವರ್ಷ, ಜ್ವರ ಬಂದ ದಿನವೂ ಕಂಬಳಿ ಹೊದ್ದು ಹೋಗಿ ಅಳೆದದ್ದು ಒಂದು ಬಾಣದಲ್ಲಿ ಮುಗಿಯುತ್ತಿತ್ತು.

ಅವಳು ಹೇಳಲೋ ಬೇಡವೋ ಎಂದು ಎರಡು ದಿನ ತಡೆದಳು. ಮೂರನೆಯ ದಿನ ಊಟದ ಹೊತ್ತಿಗೆ ಬಾಯಿಬಿಟ್ಟಳು. ತಂದೆಯ ಕೈ ತಟ್ಟೆಯಲ್ಲಿ ನಿಂತಿತು.

‘ನಾನು ಸುಳ್ಳು ಬರೆದಿದ್ದೀನಾ?’

‘ಸುಳ್ಳು ಅಂತ ಯಾರಪ್ಪ ಹೇಳಿದ್ದು? ನೀವು ಬನ್ನಿ, ಜೊತೆಗೆ ಕೂತು ನೋಡೋಣ.’

ಇಬ್ಬರೂ ಪರದೆಯ ಮುಂದೆ ಕುಳಿತರು. ಮಗಳು ಮೊದಲ ಪೆಟ್ಟಿಗೆಯಿಂದ ಹೊರಟಳು. ಇದು ನಿಮ್ಮ ಪುಸ್ತಕದಲ್ಲಿ ಇದ್ದದ್ದು. ತಂದೆ ಪುಸ್ತಕ ತೆಗೆದು ತಾಳೆ ನೋಡಿದರು, ಸರಿ. ಇದು ಇಂಚು ಸೆಂಟು ಬೇರೆ ಮಾಡಿದ್ದು, ಸರಿ. ಇದು ಮಿಲಿಮೀಟರ್, ಸರಿ. ಇದು ದಿನಾಂಕ.

‘8ನೇ ತಾರೀಕು ನಾಲ್ಕು ಇಂಚು ಅಂತ ಬರೆದಿದ್ದೀರಿ. ಯಾವಾಗ ಅಳೆದದ್ದು?’

‘ಯಾವಾಗ ಅಂದರೆ? 9ನೇ ತಾರೀಕು ಬೆಳಿಗ್ಗೆ. 8ನೇ ತಾರೀಕಿನ ಮಳೆಯನ್ನು 9ರ ಬೆಳಿಗ್ಗೆಯಲ್ಲದೆ ಇನ್ಯಾವಾಗ ಅಳೆಯುವುದು?’

ಮಾತು ಅಲ್ಲಿಗೆ ನಿಂತಿತು. ಮಳೆ ಬಿದ್ದದ್ದು ಬಹುಪಾಲು 8ರಂದು, ಆದ್ದರಿಂದ ಅದು 8ರ ಮಳೆ. ತಂದೆಯ ನ್ಯಾಯ ಇದು. ಅವರಿಗಿಂತ ಮೊದಲಿದ್ದ ರೈಟರು ಹೇಳಿಕೊಟ್ಟದ್ದೂ ಇದೇ. ಹವಾಮಾನ ಇಲಾಖೆಯ ನ್ಯಾಯ ಬೇರೆ. ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆಯನ್ನು ಅಳೆದ ದಿನದ ಲೆಕ್ಕಕ್ಕೆ ಬರೆಯುವುದು ಅಲ್ಲಿನ ಪದ್ಧತಿ. ಪಕ್ಕದ ತೋಟಗಳು ಅಳೆದ ದಿನಕ್ಕೇ ಬರೆಯುತ್ತಿದ್ದವು. ಯಾರದೂ ತಪ್ಪಲ್ಲ, ಯಾರದೂ ಸುಳ್ಳಲ್ಲ. ‘ನಿನ್ನೆಯ ಮಳೆ ಯಾವ ದಿನದ್ದು’ ಎಂಬ ಪ್ರಶ್ನೆಗೆ ಎರಡು ಉತ್ತರಗಳಿದ್ದವು, ಅಷ್ಟೆ.

ಒಂದು ದಿನ ಹಿಂದೆಮುಂದಾದರೆ ಏನು ಮಹಾ ಎನ್ನುವವರು ಈ ಲೆಕ್ಕ ನೋಡಬೇಕು. ಸುಲಭವಾಗಲೆಂದು ದುಂಡು ಅಂಕಿಗಳನ್ನೇ ತೆಗೆದುಕೊಳ್ಳಿ. ಮೂರು ಬೆಳಿಗ್ಗೆ ಅಳೆದ ಮಳೆ ಕ್ರಮವಾಗಿ 1 ಇಂಚು, 4 ಇಂಚು, 1 ಇಂಚು. ಒಂದು ತೋಟದವರು ಇದನ್ನು 8, 9, 10ನೇ ತಾರೀಕುಗಳಿಗೆ ಬರೆದರು. ಇನ್ನೊಂದು ತೋಟದವರು 7, 8, 9ಕ್ಕೆ ಬರೆದರು. ಎರಡೂ ತೋಟಗಳ ಸರಾಸರಿ ತೆಗೆಯಿರಿ. 8ರಂದು ಎರಡೂವರೆ ಇಂಚು, 9ರಂದೂ ಎರಡೂವರೆ ಇಂಚು. ನಾಲ್ಕು ಇಂಚಿನ ದಿನ ಎಲ್ಲಿಗೆ ಹೋಯಿತು? ಪಟ್ಟಿಯಿಂದಲೇ ಮಾಯವಾಯಿತು. ಹೊಳೆಯನ್ನು ಉಕ್ಕಿಸಿದ ಒಂದು ದಿನದ ಮಳೆ ಎರಡು ದಿನಗಳಿಗೆ ಹಂಚಿಹೋಗಿ, ಪಾಪದ ಮಳೆಯ ಹಾಗೆ ಕುಳಿತಿತು. ಈ ಪಟ್ಟಿಯನ್ನು ನಂಬಿ ಯಾರಾದರೂ ‘ಇಷ್ಟು ಮಳೆಗೆ ಹೊಳೆ ಉಕ್ಕುವುದಿಲ್ಲ’ ಎಂದು ಹೊಳೆದಡದವರಿಗೆ ಹೇಳಿದರೆ? ಅಂಕಿಗಳೆಲ್ಲ ನಿಜವಾಗಿದ್ದೂ ಅವುಗಳ ಬೆಸುಗೆ ಸುಳ್ಳಾಗಬಹುದು. ಅದರಲ್ಲೂ ಈ ಬಗೆಯ ಸುಳ್ಳು ಅಪಾಯವನ್ನು ದೊಡ್ಡದು ಮಾಡಿ ತೋರಿಸುವುದಿಲ್ಲ, ಸಣ್ಣದು ಮಾಡಿ ತೋರಿಸುತ್ತದೆ.

ಮಗಳು ಅಪ್ಪನ ಪುಸ್ತಕದ ಸಾಲಿನಲ್ಲಿ ಹೊಸ ಪೆಟ್ಟಿಗೆಯೊಂದನ್ನು ಇಟ್ಟಳು: ದಿನಾಂಕಕ್ಕೆ ಒಂದು ಕೂಡಿಸು. ತಂದೆ ತಡೆದರು. ‘ನಿಲ್ಲು, ಎಲ್ಲದಕ್ಕೂ ಕೂಡಿಸಬೇಡ.’ ಪುಸ್ತಕದ ಹಾಳೆ ತಿರುವಿ ಒಂದು ತಿಂಗಳು ತೋರಿಸಿದರು. ಅಲ್ಲಿ ಅಕ್ಷರ ಬೇರೆ. ಅವರು ರಜೆಯಲ್ಲಿದ್ದಾಗ ಬೇರೊಬ್ಬರು ಬರೆದದ್ದು, ಅವರು ಅಳೆದ ದಿನಕ್ಕೇ ಬರೆಯುವವರು. ಇಂಥ ತಿಂಗಳುಗಳು 22 ವರ್ಷಗಳಲ್ಲಿ ಎಷ್ಟಿವೆ? ಅಪ್ಪ ಮಗಳು ಎರಡು ರಾತ್ರಿ ಕುಳಿತು ಅಕ್ಷರ ನೋಡಿ ಗುರುತು ಹಾಕಿದರು. ಚಿತ್ರದಲ್ಲಿ ಒಂದು ಕವಲು ಹುಟ್ಟಿತು. ಅಪ್ಪನ ಅಕ್ಷರದ ದಿನಗಳು ಒಂದು ಬಾಣದಲ್ಲಿ ಹೋಗಿ ಒಂದು ದಿನ ಕೂಡಿಸಿಕೊಂಡು ಬಂದವು, ಉಳಿದವು ಇನ್ನೊಂದು ಬಾಣದಲ್ಲಿ ನೇರವಾಗಿ ಬಂದವು. ಮುಂದೆ ಎರಡೂ ಸೇರಿದವು. 8ಕ್ಕೂ 8.30ಕ್ಕೂ ನಡುವಿನ ಅರ್ಧ ಗಂಟೆಯ ಮಳೆಗೆ ಯಾವ ಪೆಟ್ಟಿಗೆಯೂ ಮದ್ದಾಗಲಿಲ್ಲ. ಅದನ್ನು ಚಿತ್ರದ ಮೂಲೆಯಲ್ಲಿ ಒಂದು ಟಿಪ್ಪಣಿಯಾಗಿ ಬರೆದು ಅಂಟಿಸಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆಯುವುದೂ ಲೆಕ್ಕದ ಒಂದು ಹಂತವೇ.

ಯಾವ ತಂತ್ರಾಂಶಕ್ಕೆ ತಾನೇ ಆ ಅಕ್ಷರಗಳ ಗುರುತು ಸಿಕ್ಕೀತು? ಅದು ಸಿಕ್ಕಿದ್ದು ಬರೆದ ಮನುಷ್ಯನಿಗೆ. ಆದರೆ ಆ ಮನುಷ್ಯನನ್ನು ಲೆಕ್ಕದ ಒಳಗೆ ಕರೆತಂದದ್ದು ಚಿತ್ರ. ಸಾಲುಸಾಲು ಆಜ್ಞೆಗಳಲ್ಲಿ ಬರೆದ ಪ್ರೋಗ್ರಾಮಾಗಿದ್ದರೆ ತಂದೆ ಅದರತ್ತ ನೋಡಿ ‘ನಿನಗೆ ಗೊತ್ತಿರುತ್ತದೆ ಬಿಡು’ ಎಂದು ಎದ್ದುಹೋಗುತ್ತಿದ್ದರು. ಪೆಟ್ಟಿಗೆ ಬಾಣಗಳ ಚಿತ್ರವಾದ್ದರಿಂದ ‘ಇಲ್ಲಿ ತಪ್ಪಿದೆ’ ಎಂದು ಬೆರಳಿಟ್ಟು ಹೇಳುವ ಧೈರ್ಯ ಬಂತು. ಈ ಸಲಕರಣೆಗಳ ದೊಡ್ಡ ಗುಣ ವೇಗವಲ್ಲ. ಕಂಪ್ಯೂಟರ್ ಕಲಿಯದವರೂ ಪ್ರಶ್ನೆ ಕೇಳಬಹುದಾದಷ್ಟು ಬಯಲಿನಲ್ಲಿ ಅವು ಕೆಲಸವನ್ನು ತಂದಿಡುತ್ತವೆ.

ಹಾಗೆಂದು ಚಿತ್ರವನ್ನು ಕುರುಡಾಗಿ ನಂಬುವಂತಿಲ್ಲ. ಹಸಿರು ಗುರುತು ಬಿತ್ತೆಂದರೆ ಪೆಟ್ಟಿಗೆ ತನಗೆ ಹೇಳಿದ್ದನ್ನು ಮಾಡಿದೆ ಎಂದಷ್ಟೇ ಅರ್ಥ. ಹೇಳಿದ್ದು ಸರಿಯೆ ಎಂಬುದು ಅದಕ್ಕೆ ಗೊತ್ತಿಲ್ಲ. ಅಪ್ಪನ ಪುಸ್ತಕ ಒಂದು ದಿನ ಹಿಂದಿದ್ದಾಗಲೂ ಎಲ್ಲವೂ ಹಸಿರಾಗಿಯೇ ಇತ್ತು. ಪೆಟ್ಟಿಗೆಗಳು ಐವತ್ತು ಅರವತ್ತಾದರೆ ಬಾಣಗಳು ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿಯಂತೆ ಹೆಣೆದುಕೊಂಡು ಯಾವುದು ಬುಡ, ಯಾವುದು ತುದಿ ತಿಳಿಯುವುದಿಲ್ಲ. ಒಂದೊಂದು ಪೆಟ್ಟಿಗೆಯ ಒಳಗೆ ಏನು ಬರೆದಿದೆಯೆಂದು ಮುಚ್ಚಳ ತೆರೆದು ನೋಡದೆ, ಹೊರಗಿನ ಹೆಸರು ಓದಿ ತೃಪ್ತರಾಗುವ ಅಪಾಯವೂ ಇದೆ. ಆದ್ದರಿಂದ ಒಂದು ತಿಂಗಳ ಲೆಕ್ಕವನ್ನಾದರೂ ಕೈಯಿಂದ ಮಾಡಿ ತಾಳೆ ನೋಡುವುದು, ದೊಡ್ಡ ಚಿತ್ರವನ್ನು ಸಣ್ಣ ಸಣ್ಣ ಚಿತ್ರಗಳಾಗಿ ಒಡೆಯುವುದು, ಪ್ರತಿ ಪೆಟ್ಟಿಗೆಗೂ ಅದು ಮಾಡುವ ಕೆಲಸದ ಹೆಸರನ್ನೇ ಇಡುವುದು ಒಳ್ಳೆಯದು. ತಿರಸ್ಕೃತವಾದ ಸಾಲುಗಳು ಎಲ್ಲಿ ಹೋದವೆಂದು ಕಾಣುವಂತೆ ಅವಕ್ಕೂ ಒಂದು ಬಾಣ ಎಳೆದಿಡಬೇಕು. ಕಸದ ಬುಟ್ಟಿಯನ್ನೂ ಚಿತ್ರದಲ್ಲಿ ತೋರಿಸುವವನೇ ಪ್ರಾಮಾಣಿಕ ಲೆಕ್ಕಿಗ.

ಕಂಪ್ಯೂಟರ್ ಓದಿಸಿದರೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆಯೆ ಎಂದು ತಂದೆತಾಯಿಗಳು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಬ್ಯಾಂಕು, ಆಸ್ಪತ್ರೆ, ವಿಮೆ, ಸರ್ಕಾರಿ ಇಲಾಖೆ ಎಲ್ಲೆಲ್ಲೂ ಬೇರೆ ಬೇರೆ ಪುಸ್ತಕಗಳನ್ನು ಒಂದು ಮಾಡುವ ಕೆಲಸ ಬೇಕಾದಷ್ಟಿದೆ. ಈ ಚಿತ್ರದ ಸಲಕರಣೆಗಳೂ ಅಲ್ಲಿ ಬಳಕೆಯಲ್ಲಿವೆ. ಆದರೆ ಸಲಕರಣೆಯ ಹೆಸರು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಕೆಲವು ಪ್ರಶ್ನೆಗಳು. ಈ ಅಂಕಿಯನ್ನು ಯಾರು, ಯಾವಾಗ, ಯಾವ ಅಳತೆಯಲ್ಲಿ ಬರೆದರು? ಖಾಲಿ ಬಿಟ್ಟದ್ದು ಯಾಕೆ? ಇಲ್ಲಿಗೆ ಬರುವ ಮೊದಲು ಇದಕ್ಕೆ ಏನೇನು ಆಗಿದೆ? ಇವನ್ನು ಕೇಳಲು ಕಲಿತ ಹುಡುಗ ಹುಡುಗಿಯರಿಗೆ ಯಾವ ಊರಿನಲ್ಲೂ ಕೆಲಸಕ್ಕೆ ಬರವಿಲ್ಲ. ಕೇಳಲು ಕಲಿಯದವರ ಕೈಗೆ ಎಂಥ ಸಲಕರಣೆ ಕೊಟ್ಟರೂ ನಾಲ್ಕು ಇಂಚಿನ ಮಳೆ ಎರಡೂವರೆಯಾಗುತ್ತದೆ.

ಕಲಿಯಲು ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಮನೆಯ ಹಾಲಿನ ಲೆಕ್ಕ, ಸ್ವಸಹಾಯ ಸಂಘದ ಉಳಿತಾಯದ ಪುಸ್ತಕ, ಶಾಲೆಯ ಹಳೆಯ ಹಾಜರಿ, ಅಟ್ಟದ ಮೇಲಿನ ಮಳೆಯ ಪುಸ್ತಕ ಯಾವುದಾದರೂ ಆದೀತು. ಮೊದಲು ಒಂದು ಬಿಳಿಯ ಹಾಳೆಯಲ್ಲಿ ಪೆನ್ಸಿಲಿನಿಂದ ಪೆಟ್ಟಿಗೆಗಳನ್ನು ಬರೆದು ಬಾಣ ಎಳೆಯಬೇಕು. ಎಳೆದದ್ದನ್ನು ಆ ಪುಸ್ತಕ ಬರೆದವರಿಗೆ ತೋರಿಸಿ, ಸರಿಯೇ ಎಂದು ಕೇಳಬೇಕು. ಕಂಪ್ಯೂಟರಿನ ಮುಂದೆ ಕೂರುವುದು ಆಮೇಲೆ.

ಕಾವೇರಿ ಪ್ರತಿ ಆಷಾಢದಲ್ಲೂ ಕೆಂಪಾಗಿ ಹರಿಯುತ್ತದೆ, ಹೊಳೆದಡದವರು ಪ್ರತಿ ರಾತ್ರಿಯೂ ಟಾರ್ಚು ಹಿಡಿದು ನೀರಿನ ಅಂಚನ್ನು ನೋಡಿ ಬರುತ್ತಾರೆ. ಮೂರು ತೋಟಗಳ ಪುಸ್ತಕ ಬೆಸೆದ ಮಾತ್ರಕ್ಕೆ ಹೊಳೆ ನಿಲ್ಲುವುದಿಲ್ಲ, ಮುಂದಿನ ನೆರೆ ಯಾವಾಗೆಂದೂ ತಿಳಿಯುವುದಿಲ್ಲ. ಅದಕ್ಕೆ ಇನ್ನೂ ಎಷ್ಟೋ ತೋಟಗಳು, ಮೇಲಿನ ಬೆಟ್ಟಗಳ ಮಳೆ, ನದಿಯ ಮಟ್ಟದ ಅಳತೆ, ಬಲ್ಲವರ ಬುದ್ಧಿ ಎಲ್ಲ ಕೂಡಬೇಕು. ಆದರೆ ಅವೆಲ್ಲ ಕೂಡುವ ದಿನ, ಬೆಟ್ಟದ ಮೇಲೆ ನಾಲ್ಕು ಇಂಚು ಸುರಿದದ್ದು ಕೆಳಗೆ ಮಲಗಿದವರ ಲೆಕ್ಕದಲ್ಲೂ ನಾಲ್ಕು ಇಂಚಾಗಿಯೇ, ಸುರಿದ ದಿನದಲ್ಲಿಯೇ ಇರಬೇಕು. ಅಷ್ಟನ್ನು ಕಾಯುವುದು ಓದಿದವರ ಕೆಲಸ.